ಅಜ್ಜಿ ಬೈಯದ ಶ್ರಾವಣ

ಪಶ್ಚಿಮ ಜರ್ಮನಿಯ ಸಣ್ಣದೊಂದು ಊರಿನಲ್ಲಿ ಒಂದು ವರ್ಷ ಓದಿ ನಾನು ಪುಣೆಗೆ ಮರಳಿದಾಗ ಆಷಾಢ ಮುಗಿಯುತ್ತ ಬಂದಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಮನೆ ಇದ್ದ ಧನಕವಡಿ ಆಗಿನ್ನೂ ಪೂರ್ತಿ ಪುಣೆ ಆಗಿರಲಿಲ್ಲ. ಸ್ವಾರಗೇಟಿನಲ್ಲಿ ಬಸ್ಸು ಹಿಡಿದು ಬಂದು, ಡಾಂಬರು ಮುಗಿದ ಕಡೆ ಇಳಿದು, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆಯಬೇಕು. ಮುಂಬಯಿಗೆ ಬಂದು ನನ್ನನ್ನು ಕರೆದುಕೊಂಡು ಬಂದಿದ್ದ ಅಪ್ಪ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಮುಂದೆ ಮುಂದೆ ಹೋಗುತ್ತಿದ್ದ. ನಾನು ಹಿಂದೆ ಹಿಂದೆ, ಮೊಣಕಾಲಿನವರೆಗೆ ಕೆಸರು ಬಳಿದುಕೊಂಡು, ಒಬ್ಬಳೇ ನಗುತ್ತ ಬರುತ್ತಿದ್ದೆ. ಆ ಜರ್ಮನ್ ಊರಿನಲ್ಲಿ ಒಂದು ವರ್ಷ ನನ್ನ ಕಾಲಿಗೆ ಮಣ್ಣು ಹತ್ತಿರಲಿಲ್ಲ.

ನಾನು ಹೋಗಿದ್ದು ನಿಜವಾದ ಅದಲುಬದಲಿನ ಮೇಲೆ. ಕಾಲೇಜಿನಲ್ಲಿ ಜರ್ಮನ್ ಕಲಿಯುತ್ತಿದ್ದ ನಾನು ಒಂದು ಜರ್ಮನ್ ಮನೆಗೆ ಹೋದೆ, ಆ ಮನೆಯ ಮಗಳು ನಮ್ಮ ಮನೆಗೆ ಬಂದಳು. ಅವಳ ಕೋಣೆಯಲ್ಲಿ ನಾನು ಮಲಗಿದೆ, ಅವಳ ಸೈಕಲ್ಲು ತುಳಿದೆ, ಅವಳ ತಾಯಿ ಹೆಣೆದ ಸ್ವೆಟರು ಹಾಕಿಕೊಂಡೆ. ಅವಳು ಇಲ್ಲಿ ನನ್ನ ಹಾಸಿಗೆ ಹಾಸಿಕೊಂಡು ಅಜ್ಜಿಯ ಮಗ್ಗುಲಲ್ಲಿ ಮಲಗಿದಳು. ಹೋಗುವಾಗಲೂ ಬರುವಾಗಲೂ ನಮ್ಮ ವಿಮಾನಗಳು ಒಂದೇ ದಿನ ಹೊರಟಿದ್ದರಿಂದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಅಪ್ಪನಿಗೆ ಪುಣೆಯ ಸರಕಾರಿ ಕಚೇರಿಯಲ್ಲಿ ನೌಕರಿ ಸಿಕ್ಕಾಗ ಧಾರವಾಡ ಬಿಟ್ಟು ಮಗನ ಜತೆ ಬಂದವಳು. ಮರಾಠಿ ಅವಳಿಗೆ ತಿಳಿಯುತ್ತಿತ್ತು, ಆದರೆ ಆಡುತ್ತಿರಲಿಲ್ಲ. ಬೈಯುವುದಕ್ಕೆ ಕನ್ನಡದಷ್ಟು ಅನುಕೂಲ ಬೇರೆ ಭಾಷೆಯಲ್ಲಿ ಇಲ್ಲ ಎಂದು ಅವಳ ಲೆಕ್ಕ ಇದ್ದಿರಬೇಕು. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ದೀಪ ಆರುವವರೆಗೆ ಅವಳ ಬಾಯಿಗೆ ಬಿಡುವಿರುತ್ತಿರಲಿಲ್ಲ, ಮತ್ತು ಆ ಬಾಯಿಯ ಮುಕ್ಕಾಲು ಪಾಲು ನನಗೇ ಮೀಸಲು. ನಡೆದರೆ ಸಪ್ಪಳ, ಕೂತರೆ ಸೋಮಾರಿ, ಓದಿದರೆ ಕಣ್ಣು ಹಾಳು, ಓದದಿದ್ದರೆ ತಲೆ ಹಾಳು. ನಾನು ಜರ್ಮನಿಗೆ ಹೊರಟ ದಿನವಂತೂ ಸ್ನಾನ ಮಾಡುವಾಗಿನಿಂದ ಶುರು ಮಾಡಿದವಳು ರಿಕ್ಷಾ ತಿರುವು ದಾಟುವವರೆಗೂ ನಿಲ್ಲಿಸಿರಲಿಲ್ಲ.

ಇಂಥ ಅಜ್ಜಿ, ನಾನು ಕೆಸರುಗಾಲಿನಲ್ಲೇ ಓಡಿಹೋಗಿ ತಬ್ಬಿಕೊಂಡಾಗ, ಪೂಜೆಗೆ ಕೂಡಲು ಮಡಿ ಉಟ್ಟು ನಿಂತಿದ್ದಳು. ತಬ್ಬಿದ ಮೇಲೆಯೇ ನನಗೆ ಅದು ಹೊಳೆದದ್ದು. ಇನ್ನು ನನ್ನ ಗತಿ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿ ನಿಂತೆ.

"ಇರಲಿ ಬಿಡು," ಎಂದಳು ಅಜ್ಜಿ. "ದಣದ ಬಂದೀಯವಾ. ಕೂಡು. ನಾ ಮತ್ತ ಸ್ನಾನಾ ಮಾಡಿ ಬರ್ತೀನಿ."

ನಾನು ಅವ್ವನ ಮುಖ ನೋಡಿದೆ. ಅವ್ವ ಏನೂ ವಿಶೇಷವಿಲ್ಲ ಎಂಬಂತೆ ನನಗೆ ಕಾಲು ತೊಳೆಯಲು ನೀರು ತಂದಳು. ನೀರು ತಂದುಕೊಡುವುದು! ಮನೆಯ ಮಗಳಿಗೆ ಕಾಲು ತೊಳೆಯಲು ನೀರು ಯಾರು ತಂದುಕೊಡುತ್ತಾರೆ? ಆದರೆ ಅವತ್ತಿನ ಸಂಭ್ರಮದಲ್ಲಿ ಅದೂ ಹಿತವಾಗಿತ್ತು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಸಂಜೆಯಾದರೆ ತಣ್ಣಗಿನ ಬ್ರೆಡ್ಡು ತಿಂದು ತಿಂದು ನಾಲಿಗೆ ಸತ್ತುಹೋಗಿದ್ದ ನಾನು ಆ ದಿನ ಎಷ್ಟು ತಿಂದೆನೋ ದೇವರಿಗೇ ಗೊತ್ತು. ಅಪ್ಪನ ಪಕ್ಕದಲ್ಲಿ ನನಗೂ ಮಣೆ ಹಾಕಿದ್ದರು, ಅಜ್ಜಿ ತಾನೇ ರೊಟ್ಟಿಯ ಮೇಲೆ ತುಪ್ಪ ಸುರಿದಳು.

ಮರುದಿನವೂ ಮಣೆ ಹಾಕಿದರು, ಅದರ ಮರುದಿನವೂ. ನಮ್ಮ ಮನೆಯಲ್ಲಿ ಗಂಡಸರಿಗೆ ಮತ್ತು ಅತಿಥಿಗಳಿಗೆ ಮೊದಲ ಪಂಕ್ತಿ. ನಾನು ಮೊದಲಿನಿಂದಲೂ ಅವ್ವನ ಜತೆ ಒಲೆಯ ಮುಂದೆ ಕೂತು ಉಂಡವಳು. ಏಳಲು ಹೋದರೆ ಅಜ್ಜಿ "ನೀ ಕೂಡವಾ" ಎಂದು ಕೂಡಿಸುತ್ತಿದ್ದಳು. ಬೆಳಿಗ್ಗೆ ನನ್ನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ನಳಕ್ಕೆ ನೀರು ಬಂದು ಹೋಗಿ, ಅವ್ವ ಕೊಡ ತುಂಬಿಟ್ಟು, ನನಗಾಗಿ ಚಹಾ ಮುಚ್ಚಿಟ್ಟಿರುತ್ತಿದ್ದಳು. ಪಾತ್ರೆಗೆ ಕೈ ಹಚ್ಚಿದರೆ ಅಜ್ಜಿ ಕಸಿದುಕೊಳ್ಳುತ್ತಿದ್ದಳು, ಅದೂ ಬೈಯದೆ. ಶ್ರಾವಣ ಹಿಡಿಯಿತು. ನಾನು ತಿಂದು, ಮಲಗಿ, ಮಳೆ ನೋಡುತ್ತ ಕೂತಿರುತ್ತಿದ್ದೆ.

ಪಕ್ಕದ ಮನೆಯ ಮರಾಠಿ ಕಾಕು ಒಂದು ದಿನ ಗೋಡೆಯಾಚೆಯಿಂದ ಇಣುಕಿ, "ಮಾಹೇರಪಣಾಲಾ ಆಲೀಸ್ ಕಾಯ ಗ?" ಎಂದಳು. ಮದುವೆಯಾದ ಹೆಣ್ಣುಮಗಳು ನಾಲ್ಕು ದಿನ ತವರಿಗೆ ಬಂದರೆ ಹೀಗೇ ಉಪಚಾರವಲ್ಲವೇ? ಮದುವೆಯೇ ಆಗದೆ ತವರಿಗೆ ಬಂದೆಯಾ ಎಂದು ಅವಳು ತಮಾಷೆ ಮಾಡಿದ್ದು. ನಾನೂ ನಕ್ಕೆ. ಆದರೆ ಅವಳು ಅಲ್ಲಿಗೆ ನಿಲ್ಲಿಸದೆ ಆ ಜರ್ಮನ್ ಹುಡುಗಿಯ ಪುರಾಣ ತೆಗೆದಳು. ಆ ಹುಡುಗಿ ಇರುವಷ್ಟು ದಿನ ನಿಮ್ಮ ಮನೆ ಎಂಥ ಗದ್ದಲ ಅನ್ನುತ್ತೀ! ನಿನ್ನ ಅಜ್ಜಿ ಅವಳನ್ನು ಒಂದು ಗಳಿಗೆ ಬಿಡುತ್ತಿರಲಿಲ್ಲ. ರೊಟ್ಟಿ ಹರಿದರೆ ಬೈಗುಳ, ಒಗೆದ ಸೀರೆ ತಿರುವುಮುರುವು ಒಣಹಾಕಿದರೆ ಬೈಗುಳ. ಆ ಹುಡುಗಿ ಎಲ್ಲದಕ್ಕೂ "ಹೌದ್ರಿ ಅಜ್ಜಿ, ಹೌದ್ರಿ ಅಜ್ಜಿ" ಎನ್ನುತ್ತಿತ್ತು. ಕೊನೆಗೆ ಕಾಯಿಪಲ್ಲೆ ಮಾರುವವನಿಗೆ ನಿಮ್ಮ ಕನ್ನಡದಲ್ಲೇ ಬೈದು ಕೊತ್ತಂಬರಿ ಹೆಚ್ಚಿಗೆ ಹಾಕಿಸಿಕೊಂಡಿತು. ಕಾಕು ಹೇಳುತ್ತ ಹೇಳುತ್ತ ನಕ್ಕು ಬಿದ್ದಳು.

ನನ್ನ ಹೊಟ್ಟೆಯಲ್ಲಿ ಉರಿ ಬಿತ್ತು. ಅವಳು ನನ್ನ ಹಾಸಿಗೆಯಲ್ಲಿ ಮಲಗಿದ್ದಕ್ಕೆ ನನಗೆ ಬೇಸರವಿರಲಿಲ್ಲ. ಅವಳು ನನಗಿಂತ ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳಂತೆ, ಅದನ್ನೂ ನುಂಗಿಕೊಂಡಿದ್ದೆ. ಆದರೆ ನನ್ನ ಬೈಗುಳ ಅವಳಿಗೆ, ಅವಳ ತುಪ್ಪ ನನಗೆ ಎಂದರೆ ಹೇಗೆ? ವರ್ಷ ಮುಗಿದರೂ ಅದಲುಬದಲು ಮುಗಿದಿಲ್ಲ, ಈ ಮನೆಯಲ್ಲಿ ಈಗ ನಾನೇ ಪರದೇಶದ ಹುಡುಗಿ ಎಂದು ಆಗ ನನಗೆ ಸ್ಪಷ್ಟವಾಯಿತು. ಅವತ್ತು ರಾತ್ರಿ ಗೋಡೆಯ ಕಡೆ ಮುಖ ಮಾಡಿ ಅತ್ತೆ. ಜರ್ಮನಿಯಲ್ಲಿ ಒಂದು ವರ್ಷ ಒಮ್ಮೆಯೂ ಅತ್ತವಳಲ್ಲ.

ನಾನು ಸಿಟ್ಟಿನ ಹುಡುಗಿ. ಕೊಡದಿದ್ದರೆ ಕಸಿದುಕೊಳ್ಳುವ ಸ್ವಭಾವ. ಬೈಸಿಕೊಂಡೇ ತೀರುತ್ತೇನೆ ಎಂದು ಪಣ ತೊಟ್ಟೆ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೊಸ್ತಿಲ ಮೇಲೆ ಕೂತು ತಲೆ ಬಾಚಿಕೊಂಡೆ. "ಇರಲಿ ಬಿಡು, ಕೂದಲಾ ಅಷ್ಟು ತಗದುಹಾಕು," ಎಂದಳು ಅಜ್ಜಿ. ಊಟ ಮಾಡುತ್ತ ಮಾಡುತ್ತ ಸೀಟಿ ಹಾಕಿದೆ. ಅಜ್ಜಿ ಅತ್ತ ತಿರುಗಿದಳು. ದೇವರ ಕೋಣೆಗೆ ಟ್ರಾನ್ಸಿಸ್ಟರ್ ಒಯ್ದು ಜೋರಾಗಿ ಹಿಂದಿ ಹಾಡು ಹಚ್ಚಿದೆ. "ಛಂದ ಅದ ಹಾಡು," ಎಂದಳು. ಅವಳ ಬಾಯಿಂದ ಆ ಮಾತು ಕೇಳಿ ನನಗೇ ಗಾಬರಿಯಾಗಿ ಹಾಡು ನಿಲ್ಲಿಸಿದೆ.

ಈ ನಡುವೆ ಮನೆಯಲ್ಲಿ ಇನ್ನೊಂದು ಮಾತು ಓಡಾಡುತ್ತಿತ್ತು. ಆ ಜರ್ಮನ್ ಮನೆಯವರು ನನ್ನನ್ನು ಪದವಿಗೆ ಅಲ್ಲಿಗೇ ಬಾ ಎಂದು ಕರೆದಿದ್ದರು, ಇರುವುದು ತಮ್ಮ ಮನೆಯಲ್ಲೇ ಎಂದಿದ್ದರು. ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಯಾರೇ ಬರಲಿ, "ಇಕಿ ಮುಂದಿನ ವರ್ಷ ಮತ್ತ ಹೋಗಾಕಿ, ನಾಕ ವರ್ಷಕ್ಕ," ಎಂದು ನನ್ನನ್ನು ಕರೆದು ತೋರಿಸುತ್ತಿದ್ದ. ನನಗೆ ಹೋಗುವ ಮನಸ್ಸಿರಲಿಲ್ಲ. ಅಲ್ಲಿ ಒಂದು ಕೊರತೆಯೂ ಇರಲಿಲ್ಲ, ಆ ತಾಯಿ ನನ್ನನ್ನು ಮಗಳಂತೆ ನೋಡಿಕೊಂಡಿದ್ದಳು. ಆದರೂ ವಿಮಾನದಲ್ಲಿ ಕೂತಾಗಲೇ ನನಗೆ ಗೊತ್ತಿತ್ತು, ನಾನು ಊರಿಗೆ ಹೊರಟಿದ್ದೇನೆ, ರಜೆಗಲ್ಲ ಎಂದು. ಅಪ್ಪನ ಮುಖ ಬಾಡುವುದನ್ನು ನೋಡಲಾರದೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಸುಮ್ಮನಿದ್ದೆ.

ಒಂದು ಶುಕ್ರವಾರ ಮಧ್ಯಾಹ್ನ. ಅವ್ವ ಕಾಕುವಿನ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಅಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹತ್ತಿಯಿಂದ ಹೂಬತ್ತಿ ಮಾಡುತ್ತಿದ್ದಳು. ನಾನು ಎದುರಿಗೇ ಕೂತು ಬ್ಲೇಡು ತೆಗೆದು ಉಗುರು ಕತ್ತರಿಸಿಕೊಳ್ಳತೊಡಗಿದೆ. ಶ್ರಾವಣದ ಶುಕ್ರವಾರ, ಮನೆಯೊಳಗೆ, ಉಗುರು! ಅಜ್ಜಿ ತಲೆ ಎತ್ತಿದಳು. ಹುಬ್ಬು ಗಂಟಿಕ್ಕಿತು, ತುಟಿ ತೆರೆಯಿತು. ಬಂತು ಎಂದುಕೊಂಡೆ. ಅವಳು ಬಂದ ಮಾತನ್ನು ಗುಳಿಗೆ ನುಂಗಿದ ಹಾಗೆ ನುಂಗಿ, ಮತ್ತೆ ಹತ್ತಿ ಎಳೆದಳು.

ನನಗೆ ತಡೆಯಲಾಗಲಿಲ್ಲ. ಬ್ಲೇಡು ಒಗೆದು, "ಅಜ್ಜಿ, ನನಗ್ಯಾಕ ಬೈಯೂದಿಲ್ಲ ನೀ?" ಎಂದು ಕೇಳಿದೆ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. "ಅಕಿಗೆ ವರ್ಷಪೂರ್ತಿ ಬೈದೀಯಂತ. ನಾ ಏನ ಮಾಡೀನಿ? ನಾ ಈ ಮನೀಯಾಕಿ ಅಲ್ಲೇನು?"

ಅಜ್ಜಿ ಕೈಯಲ್ಲಿದ್ದ ಬತ್ತಿಯನ್ನು ಮುಗಿಸಿ ತಟ್ಟೆಗೆ ಹಾಕಿದಳು.

"ಹೋಗೋರಿಗೆ ಏನ ಬೈಯೂದವಾ," ಎಂದಳು. "ಹೋದ ವರ್ಷ ನೀ ಹೋಗೂ ದಿನಾ ಮುಂಜಾನೆಯಿಂದ ಬೈದೆ. ಯಾಕ ಬೈದೆ ಅಂತ ನನಗ ಗೊತ್ತಿಲ್ಲ, ನೀ ಹೊಂಟಿದ್ದು ನೋಡಲಿಕ್ಕಾಗಲಿಲ್ಲ, ಬೈದೆ. ನೀ ಹೋದಿ. ಆಮ್ಯಾಲೆ ಎಷ್ಟೋ ದಿನಾ ನಿದ್ದಿ ಹತ್ತಲಿಲ್ಲ ನನಗ. ಅಷ್ಟು ದೂರ ಹೋಗೂ ಕೂಸು ಬೈಸಿಕೊಂಡು ಹೋತಲ್ಲಾ, ಒಂದು ಒಳ್ಳೇ ಮಾತು ನನ್ನ ಬಾಯಾಗ ಬರಲಿಲ್ಲಲ್ಲಾ ಅಂತ. ಇನ್ನ ನೀ ಬಂದರೆ ಒಂದು ಮಾತು ಅನ್ನಂಗಿಲ್ಲ ಅಂತ ದೇವರ ಮುಂದ ಹೇಳಿಕೊಂಡೆ. ಮತ್ತ ನಾಕ ವರ್ಷ ಹೋಗ್ತಿ ಅಂತಾನ ನಿಮ್ಮಪ್ಪ. ಇರೂ ನಾಕ ದಿನಾ ಉಂಡು ತಿಂದು ಸುಖವಾಗಿ ಇದ್ದು ಹೋಗು."

"ಮತ್ತ ಅಕಿಗೆ ಬೈತಿದ್ದಿಯಲ್ಲ?"

"ಅಕಿಗೆ ಎಲ್ಲಿ ಬೈದೆ? ನಿನಗ ಬೈಯೂದನ್ನ ಅಕಿಗೆ ಬೈತಿದ್ದೆ. ನೀ ಇದ್ದಾಂಗ ಅನಸ್ತಿತ್ತು. ಆ ಬಿಳೀ ಕೂಸಿಗೆ ಅರ್ಧಾ ತಿಳೀತಿರಲಿಲ್ಲ, ಪಾಪ, ನಗತಿತ್ತು."

ನಾನು ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟು, ಇಷ್ಟು ದಿನ ಗೋಡೆಗೆ ತೋರಿಸಿದ ಅಳುವನ್ನೆಲ್ಲ ಅಲ್ಲಿ ಅತ್ತೆ. ಹತ್ತಿಯ ನವಿರು ಮೂಗಿಗೆ ಹೋಗಿ ಸೀನೂ ಬಂತು. ಆಮೇಲೆ, ನಾನು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಓದುತ್ತೇನೆ ಎಂದೆ. ಅಜ್ಜಿ ನಂಬಲಿಲ್ಲ. "ಅದನ್ನ ನನ್ನ ಮುಂದ ಹೇಳಿದರ ಏನ ಬಂತು? ನಿಮ್ಮಪ್ಪನ ಮುಂದ ಹೇಳು," ಎಂದು ನನ್ನ ಬೆನ್ನು ಸವರಿದಳು. ಆ ಸವರುವಿಕೆಯೂ ಅತಿಥಿಗೆ ಸವರಿದಂತೆಯೇ ಇತ್ತು.

ಅವತ್ತು ಸಂಜೆಯ ಊಟಕ್ಕೆ ಅಪ್ಪನ ಪಕ್ಕದಲ್ಲಿ ಕೂತು, ಹೋಳಿಗೆಯ ಮೊದಲ ತುತ್ತು ಮುರಿಯುವ ಮೊದಲೇ ಹೇಳಿಬಿಟ್ಟೆ. "ಅಪ್ಪಾ, ನಾ ಮತ್ತ ಹೋಗಂಗಿಲ್ಲ. ಇಲ್ಲೇ ಕಾಲೇಜ ಮುಗಸ್ತೀನಿ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಅಲ್ಲೇನರ ತ್ರಾಸ ಆಗಿತ್ತೇನು?"

"ಇಲ್ಲ. ಭಾಳ ಛಲೋ ನೋಡಿಕೊಂಡರು."

"ಹಂಗಾರ ಯಾಕ?"

"ನನಗ ಇಲ್ಲೇ ಇರಬೇಕನಸ್ತದ. ಜರ್ಮನ್ ಕಲತೀನಿ, ಇಲ್ಲಿ ಮಂದಿಗೆ ಕಲಸ್ತೀನಿ."

ಅಪ್ಪ ನನ್ನನ್ನು ನೋಡಿದ, ತಟ್ಟೆಯನ್ನು ನೋಡಿದ. ಅವನಿಗೆ ನೋವಾಗಿದ್ದು ನನಗೆ ಕಾಣುತ್ತಿತ್ತು. ಕಚೇರಿಯಲ್ಲಿ, ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ ಹೇಳಿಕೊಂಡು ಬಂದಿದ್ದನಲ್ಲ, ಅದನ್ನೆಲ್ಲ ಈಗ ತಿರುಗಿ ಹೇಳಬೇಕು. "ವಿಚಾರ ಮಾಡೀಯೇನು?" ಎಂದು ಮೆಲ್ಲಗೆ ಕೇಳಿದ. ಮಾಡಿದ್ದೇನೆ ಎಂದೆ. "ಆತು. ನಿನ್ನ ಜೀವನಾ," ಎಂದ.

ಆಗ ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿಯ ಧ್ವನಿ ಕೇಳಿತು.

"ಏನಂದಿ? ಹೋಗಂಗಿಲ್ಲ?" ಸೌಟು ಅವಳ ಕೈಯಲ್ಲೇ ಇತ್ತು. "ಅಪ್ಪ ಕಳಸ್ತೀನಿ ಅಂದರ ಇಕಿ ಒಲ್ಲೆ ಅಂತಾಳ! ಹಿರೇರಿಗೆ ಎದುರ ಮಾತಾಡೂದು ಯಾವ ಊರಾಗ ಕಲತಿ? ಮಂದಿ ಮಕ್ಕಳು ಇಂಥಾದ್ದು ಸಿಗಲಿ ಅಂತ ಹರಕಿ ಹೊರತಾರ, ಈ ಮಹಾರಾಣಿಗೆ ಮನಿ ಬೇಕಂತ ಮನಿ! ಇಲ್ಲಿದ್ದು ಏನ ಕಡದು ಕಟ್ಟೀ ಹಾಕಾಕಿದ್ದಿ? ಬಿಸಲು ನೆತ್ತಿಗೆ ಬಂದ ಮ್ಯಾಲೆ ಏಳ್ತಿ. ಎದ್ದಾಕಿ ಹಾಸಿಗಿ ಮಡಚೂದಿಲ್ಲ. ನಕ್ಕರ ನಾಕ ಮನಿಗೆ ಕೇಳಸ್ತದ. ಇದು ಮಂದಿಗೆ ಕಲಸ್ತದಂತ, ಮೊದಲ ನೀ ಕಲಿ..."

ಅಪ್ಪ ಬೆರಗಾಗಿ ತಾಯಿಯನ್ನೇ ನೋಡುತ್ತಿದ್ದವನು ತಲೆ ಬಗ್ಗಿಸಿ ಭುಜ ಕುಲುಕಿಸಿ ನಗತೊಡಗಿದ. ಅಜ್ಜಿ ಸೆರಗಿನಿಂದ ಒಮ್ಮೆ ಕಣ್ಣು ಒರೆಸಿಕೊಂಡಳು, ಒರೆಸಿಕೊಳ್ಳುವಾಗಲೂ ನಿಲ್ಲಿಸಲಿಲ್ಲ. ಏನೂ ಗೊತ್ತಿರದ ಅವ್ವ ಮಾತ್ರ ಪಾಪ, ನನ್ನ ಪರವಾಗಿ ಅಡ್ಡ ಬಂದಳು.

"ಸಾಕು ಬಿಡ್ರಿ ಅತ್ಯಾ," ಎಂದಳು. "ಹುಡುಗಿ ಉಣ್ಣಲಿಕ್ಕೆ ಕೂತದ."

ನಾನು ತಟ್ಟೆಯಿಂದ ತಲೆ ಎತ್ತದೆ, ಎಡಗೈಯಿಂದ ಅವ್ವನ ಸೀರೆ ಜಗ್ಗಿ, ಸುಮ್ಮನಿರು ಎಂದು ಸನ್ನೆ ಮಾಡಿದೆ.