ಮೀಟರಿಗೆ ಹದಿಮೂರು ಮಿಲಿಮೀಟರ್

ನನ್ನ ಭಾವನಿಗೆ ಹೊಗಳಿದರೆ ಆಗುವುದಿಲ್ಲ, ತೆಗಳಿದರೆ ಇನ್ನೂ ಆಗುವುದಿಲ್ಲ. ಹಾಗಾಗಿ ಮೂವತ್ತೈದು ವರ್ಷದಿಂದ ನಾನು ಅವರನ್ನು ಬರೀ ರೇಗಿಸಿಕೊಂಡು ಬಂದಿದ್ದೇನೆ. ಅಕ್ಕನ ಗಂಡನನ್ನು ರೇಗಿಸುವುದು ಮೈದುನನಾದವನ ಹಕ್ಕು, ಆ ಹಕ್ಕನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟವನಲ್ಲ. ಅವರು ಮರದಲ್ಲಿ ಮೋಟಾರ್‌ಸೈಕಲ್ ಮಾಡಿದ ಸಂಗತಿ ಹೇಳುವಾಗ ಮಾತ್ರ ನನ್ನ ನಾಲಿಗೆ ಸ್ವಲ್ಪ ಮೆತ್ತಗಾಗುತ್ತದೆ.

ಭಾವ ಫೌಂಡ್ರಿಯಲ್ಲಿ ಪ್ಯಾಟ್ರನ್ ಮೇಸ್ತ್ರಿಯಾಗಿದ್ದರು. ಲೋಹ ಕರಗಿಸಿ ಎರಕ ಹೊಯ್ಯುವ ಮೊದಲು ಬೇಕಾದ ಸಾಮಾನನ್ನು ಹಾಗೇ ಮರದಲ್ಲಿ ಮಾಡಬೇಕು. ಪ್ಯಾಟ್ರನ್ನು ಎನ್ನುವ ಆ ಮರದ ಮಾದರಿಯನ್ನು ಮರಳಿನಲ್ಲಿ ಹುದುಗಿಸಿ ಮೆಲ್ಲಗೆ ಎತ್ತಿದರೆ ಅಚ್ಚು ಉಳಿಯುತ್ತದೆ, ಅದರೊಳಗೆ ಕಾದ ಲೋಹ ಸುರಿಯುತ್ತಾರೆ. ಹೀಗೆ ಎಷ್ಟೋ ಪಂಪು, ವಾಲ್ವು, ಮೋಟಾರಿನ ಮುಚ್ಚಳಗಳು ಮೊದಲು ಭಾವನ ಕೈಯಲ್ಲಿ ತೇಗವಾಗಿ ಹುಟ್ಟಿದವು. ಹುಟ್ಟಿದ್ದಷ್ಟೇ ಬಂತು. ಲೋಹದ್ದು ಲಾರಿ ಹತ್ತಿ ಎಲ್ಲಿಗೋ ಹೋಗುತ್ತಿತ್ತು. ಮರದ್ದು ಕಪ್ಪು ಮರಳು ಮೆತ್ತಿಕೊಂಡು ಗೋದಾಮು ಸೇರುತ್ತಿತ್ತು, ಗೋದಾಮು ತುಂಬಿದಾಗ ಸೌದೆಯಾಗುತ್ತಿತ್ತು. ಮೂವತ್ತೆಂಟು ವರ್ಷ ಇದೇ ಕೆಲಸ.

ನಿವೃತ್ತಿಯಾದ ಮರುವಾರ ನಾನು ಮಾತಾಡಿಸಲು ಹೋದಾಗ ಭಾವ ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು. ಕೆಲಸವಿಲ್ಲದ ಅವರ ಕೈಗಳನ್ನು ನಾನು ಅದೇ ಮೊದಲು ನೋಡಿದ್ದು.

"ಮಾಡಿದ್ದೆಲ್ಲ ಮರಳಿಗೇ ಹೋಯ್ತು ಕಣೋ" ಎಂದರು. "ಒಂದಾದ್ರೂ ಮರವಾಗೇ ಉಳೀಬೇಕು. ಜನ ಬಂದು ನೋಡ್ಬೇಕು. ಕೂದಲೆಳೆಯಷ್ಟೂ ತಪ್ಪಿರಬಾರದು. ಅಂಥದ್ದೊಂದು ಮಾಡಿಟ್ಟು ಹೋಗ್ತೀನಿ."

"ಎಲ್ಲಿಗೆ ಹೋಗ್ತೀರಿ ಭಾವ, ಅಕ್ಕ ಬಿಡ್ತಾಳಾ?" ಎಂದೆ. ಅವರು ನಗಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಇದು ಗಂಭೀರ ವಿಷಯ.

ಎರಡು ಬೀದಿ ಆಚೆ ನರ್ಸಮ್ಮ ಇದ್ದಾರೆ. ಹೆರಿಗೆ ಮಾಡಿಸುತ್ತಿದ್ದವರು. ನಮ್ಮ ಕಡೆಯ ಅರ್ಧ ಜನ ಅವರ ಕೈಗೇ ಮೊದಲು ಬಂದಿದ್ದು. ಕರೆ ಬಂದಲ್ಲಿಗೆಲ್ಲ ಅವರು ಹೋಗುತ್ತಿದ್ದದ್ದು ತಮ್ಮ ತಂದೆಯ ಕಾಲದ ಮೋಟಾರ್‌ಸೈಕಲ್ಲಿನಲ್ಲಿ. ಕಣ್ಣೀರಿನ ಹನಿಯಂಥ ಪೆಟ್ರೋಲ್ ಟ್ಯಾಂಕು, ಕೆಳಗೆ ಸ್ಪ್ರಿಂಗಿರುವ ಒಂಟಿ ಸೀಟು. ಅದು ಕಲ್ಲಿನ ಮೇಲೆ ಬಿದ್ದು ಎಂಜಿನ್ನಿನ ಎಡಪಕ್ಕದ ಅಲ್ಯೂಮಿನಿಯಂ ಮುಚ್ಚಳ ಒಡೆದು ಒಂಬತ್ತು ವರ್ಷವಾಗಿತ್ತು. ಎರಡು ಸಲ ಬೆಸುಗೆ ಹಾಕಿಸಿದರೂ ಎಣ್ಣೆ ಸೋರುವುದು ನಿಲ್ಲಲಿಲ್ಲ. ಹೊಸ ಮುಚ್ಚಳ ಯಾವ ಅಂಗಡಿಯಲ್ಲೂ ಇಲ್ಲ. ನರ್ಸಮ್ಮ ಗಾಡಿಗೆ ಟಾರ್ಪಾಲು ಹೊದಿಸಿ, ನಡೆದೇ ಓಡಾಡಲು ಶುರುಮಾಡಿದ್ದರು.

ಆ ಗಾಡಿಯನ್ನೇ ಮರದಲ್ಲಿ ಮಾಡುವುದೆಂದು ಮನಸ್ಸು ಮಾಡಿ ಭಾವ ಹೋಗಿ ಅಳತೆ ತೆಗೆದುಕೊಳ್ಳಲೇ ಎಂದು ಕೇಳಿದಾಗ ನರ್ಸಮ್ಮ ಹೇಳಿದ್ದು ಇಷ್ಟೆ: "ತಗೊಳ್ಳಿ ಮೇಸ್ತ್ರಿಗಳೇ. ಅದರ ಮೈ ಮುಟ್ಟೋರು ಯಾರಾದ್ರೂ ಬಂದ್ರಲ್ಲ, ಸಾಕು."

ಆಮೇಲೆ ಎರಡು ವರ್ಷ ಅಕ್ಕನ ಮನೆ ಮನೆಯಾಗಿ ಉಳಿಯಲಿಲ್ಲ. ಮುಂದಿನ ಕೋಣೆಯಲ್ಲಿದ್ದ ಅಕ್ಕನ ಹೊಲಿಗೆ ಮಿಷನ್ನು ಅಡುಗೆಮನೆಗೆ ಹೋಯಿತು. ಗಿರಾಕಿಗಳು ಒಲೆಯ ಪಕ್ಕ ನಿಂತು ರವಿಕೆಯ ಅಳತೆ ಕೊಡತೊಡಗಿದರು. ಹಾಸಿಗೆಯಲ್ಲಿ ಮರದ ಪುಡಿ, ಚಪ್ಪಲಿಯಲ್ಲಿ ಮರದ ಪುಡಿ, ಒಮ್ಮೆ ನನ್ನ ಕಾಫಿಯಲ್ಲೂ. ಭಾನುವಾರ ಬಂದರೆ ಭಾವ ಸ್ಟೀಲ್ ಟೇಪು, ನೋಟ್‌ಬುಕ್ಕು ಹಿಡಿದು ನರ್ಸಮ್ಮನ ಶೆಡ್ಡಿಗೆ ಹೋಗುವರು, ಒಂದೊಂದು ಭಾಗವನ್ನೂ ಅಳೆದು ಚಿತ್ರ ಬರೆದುಕೊಂಡು ಬರುವರು. ವಾರವಿಡೀ ಆ ಚಿತ್ರವನ್ನು ಗೋಡೆಗೆ ಅಂಟಿಸಿ, ಮರದ ಮೇಲೆ ಗುರುತು ಹಾಕಿ, ಕೊಯ್ದು, ಕೆತ್ತಿ, ಉಪ್ಪುಕಾಗದ ಹಾಕಿ ಉಜ್ಜುವರು.

ನಾನು ಬಾಯಿಗೆ ಬಂದಂತೆ ರೇಗಿಸುತ್ತಿದ್ದೆನಾದರೂ ಕೆಲಸ ನೋಡಿ ಒಳಗೊಳಗೇ ಬೆರಗಾಗುತ್ತಿದ್ದೆ. ಒಂದೊಂದು ಚಕ್ರಕ್ಕೂ ನಲವತ್ತು ಮರದ ಕಡ್ಡಿ. ಚೈನು ಕೂಡ ಮರದ್ದೇ, ಕೊಂಡಿ ಕೊಂಡಿಯೂ ಮಡಚುತ್ತಿತ್ತು. ಎಂಜಿನ್ನಿನ ಎಡ ಮುಚ್ಚಳವನ್ನು ಹೊರಗಿನಿಂದ ಕೆತ್ತಿದ್ದು ಸಾಲದೆಂದು ಒಳಗೂ ಪೊಳ್ಳು ಮಾಡಿ, ಗೋಡೆಯ ದಪ್ಪವನ್ನೂ ಅಳತೆಗೆ ತಂದರು.

"ಒಳಗಡೆ ಯಾರು ನೋಡ್ತಾರೆ ಭಾವ?"

"ಯಾರೂ ನೋಡಲ್ಲ. ಆದ್ರೆ ಒಳಗೆ ಗಟ್ಟಿಯಾಗೇ ಬಿಟ್ರೆ ನನಗೆ ನಿದ್ದೆ ಬರಲ್ಲ."

ಕೊನೆಗೆ ಉಳಿದದ್ದು ಸೀಟಿನ ಹೊದಿಕೆ. ಅದು ಅಕ್ಕನ ಪಾಲಿಗೆ ಬಂತು. ಅವಳು ಗಂಡನ ನೋಟ್‌ಬುಕ್ಕು ನೋಡುವವಳಲ್ಲ. ತನ್ನ ಟೇಪು ತಗೊಂಡು ತಾನೇ ನರ್ಸಮ್ಮನ ಮನೆಗೆ ಹೋಗಿ ಅಸಲಿ ಸೀಟನ್ನು ಅಳೆದು ಬಂದಳು, ಕಂದು ರೆಕ್ಸಿನ್ನಿನಲ್ಲಿ ಹೊಲಿದಳು. ಅಂದು ಸಂಜೆ ನರ್ಸಮ್ಮನನ್ನೂ ಕರೆದಿದ್ದೆವು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಎಲ್ಲಾ ನನ್ನದರ ಹಾಗೇ ಇದೆ. ಸ್ವಲ್ಪ ಮೈ ತುಂಬ್ಕೊಂಡಿದೆ ಅಷ್ಟೆ" ಎಂದರು. ನಾವು ನಕ್ಕೆವು.

ಹೊದಿಕೆ ಮಾತ್ರ ಸೀಟಿಗೆ ಏರಲಿಲ್ಲ. ಮುಂದೆ ಎಳೆದರೆ ಹಿಂದೆ ಕಮ್ಮಿ, ಹಿಂದೆ ಎಳೆದರೆ ಮುಂದೆ ಕಮ್ಮಿ.

"ನಿನ್ನ ಟೇಪು ಹಳೇದಾಯ್ತು" ಎಂದರು ಭಾವ.

ಅಕ್ಕ ಅವರನ್ನು ಒಂದು ಕ್ಷಣ ನೋಡಿದಳು. "ಮೂವತ್ತು ವರ್ಷದಲ್ಲಿ ನಾನು ಹೊಲಿದ ಒಂದು ರವಿಕೇನೂ ವಾಪಸ್ ಬಂದಿಲ್ಲ" ಎಂದವಳೇ ಹೊದಿಕೆ ಎತ್ತಿಕೊಂಡು ನಡೆದಳು. ನಾವೆಲ್ಲ ಅವಳ ಹಿಂದೆ. ನರ್ಸಮ್ಮನ ಶೆಡ್ಡಿನಲ್ಲಿ ಟಾರ್ಪಾಲು ಸರಿಸಿ ಅಸಲಿ ಸೀಟಿಗೆ ಹಾಕಿದರೆ, ಹೊದಿಕೆ ಚರ್ಮದ ಹಾಗೆ ಕೂತಿತು.

ಭಾವನ ಮುಖ ಬಿಳಿಚಿತು. ಮನೆಗೆ ಬಂದವರು ತಮ್ಮ ಮೇಜಿನ ಮೇಲಿದ್ದ ಸ್ಕೇಲು ತೆಗೆದು ಅಕ್ಕನ ಟೇಪಿನ ಪಕ್ಕ ಇಟ್ಟರು. ಸೊನ್ನೆಗೆ ಸೊನ್ನೆ ಸರಿಯಿತ್ತು. ಮೂವತ್ತು ಸೆಂಟಿಮೀಟರಿಗೆ ಬರುವಷ್ಟರಲ್ಲಿ ಭಾವನ ಸ್ಕೇಲು ನಾಲ್ಕು ಮಿಲಿಮೀಟರ್ ಮುಂದೆ ಹೋಗಿತ್ತು.

ಅದು ಫೌಂಡ್ರಿಯ ಸ್ಕೇಲು. ಕಾದ ಅಲ್ಯೂಮಿನಿಯಂ ತಣ್ಣಗಾದಾಗ ಕುಗ್ಗುತ್ತದೆ, ಮೀಟರಿಗೆ ಹದಿಮೂರು ಮಿಲಿಮೀಟರಿನಷ್ಟು. ಅದಕ್ಕೇ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡುತ್ತಾರೆ. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಗೆರೆಗಳನ್ನೇ ಅಷ್ಟು ಹಿಗ್ಗಿಸಿ ಬರೆದ ಸ್ಕೇಲು ಇಟ್ಟುಕೊಂಡಿರುತ್ತಾರೆ. ಶೆಡ್ಡಿನಲ್ಲಿ ಸರಿಯಾದ ಟೇಪು ಹಿಡಿದು ಅಳೆದ ಭಾವ, ಮನೆಯಲ್ಲಿ ಗೋಡೆಯ ಮೇಲೊಂದು ಚಿತ್ರ, ಕೈಯಲ್ಲೊಂದು ಮರ ಕಂಡ ಕೂಡಲೇ ಮೂವತ್ತೆಂಟು ವರ್ಷದ ಅಭ್ಯಾಸದಲ್ಲಿ ಆ ಸ್ಕೇಲಿಗೆ ಕೈ ಹಾಕಿದ್ದರು. ಎರಡು ವರ್ಷ, ಪ್ರತಿ ದಿನ. ಸರಿಯಿದೆಯೇ ಎಂದು ಪರೀಕ್ಷೆ ಮಾಡಿದ್ದೂ ಅದೇ ಸ್ಕೇಲಿನಲ್ಲಿ.

ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಭಾವನ ಕಣ್ಣು ನೋಡಿ ನಗು ನಿಲ್ಲಿಸಿದೆ. ಅವರು ಬೀರುವಿನಿಂದ ಒಂದು ದುಪ್ಪಟಿ ತಂದು ಗಾಡಿಯ ಮೇಲೆ ಮುಚ್ಚಿದರು.

"ಇದು ಮೋಟಾರ್‌ಸೈಕಲ್ ಅಲ್ಲ, ಬರೀ ಪ್ಯಾಟ್ರನ್ನು" ಎಂದರು. "ಬಿಚ್ಚಿ ಮೊದಲಿಂದ ಮಾಡ್ತೀನಿ."

"ಇನ್ನೆರಡು ವರ್ಷ ನಾನು ಒಲೆ ಪಕ್ಕ ಹೊಲಿಯಲ್ಲ" ಎಂದಳು ಅಕ್ಕ. "ಪ್ಯಾಟ್ರನ್ನು ಅಂದ ಮೇಲೆ ಪ್ಯಾಟ್ರನ್ನೇ. ತಗೊಂಡ್ಹೋಗಿ ಎರಕ ಹೊಯ್ಸಿ. ನರ್ಸಮ್ಮನ ಮುಚ್ಚಳ ಹನ್ನೊಂದು ವರ್ಷದಿಂದ ಒಡೆದು ಬಿದ್ದಿದೆಯಲ್ಲ."

ಕೋಪದಲ್ಲಿ ಹೇಳಿದ ಮಾತು. ಆದರೆ ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅದು ಹೊಳೆದಂತಿತ್ತು, ನನಗೂ ಹೊಳೆಯಿತು. ಆ ಅಳತೆಯಲ್ಲಿ ಹೊಯ್ದ ಮುಚ್ಚಳ ತಣ್ಣಗಾಗಿ ಕುಗ್ಗಿದರೆ ಅಸಲಿ ಗಾಡಿಗೆ ಸರಿಯಾಗಿ ಕೂರಬೇಕು.

ಭಾವ ದುಪ್ಪಟಿಯ ಒಂದು ತುದಿ ಎತ್ತಿ ಎಡ ಮುಚ್ಚಳವನ್ನು ಸವರಿದರು. ಆಮೇಲೆ, "ಮತ್ತೆ ಮರಳಿಗಾ?" ಎಂದು ಸಣ್ಣ ದನಿಯಲ್ಲಿ ಕೇಳಿ ಒಳಗೆ ಹೋದರು. ಎರಡು ದಿನ ಆ ಕೋಣೆಗೆ ಕಾಲಿಡಲಿಲ್ಲ. ನಾನು ಹೋದರೂ ರೇಗಿಸಲು ಜಾಗವಿರಲಿಲ್ಲ. ನರ್ಸಮ್ಮನಂತೂ ಅದರ ಸುದ್ದಿಯನ್ನೇ ಎತ್ತಲಿಲ್ಲ. ಕೇಳಿದ್ದರೆ ಬೇಡವೆನ್ನುವುದು ಭಾವನಿಗೆ ಸುಲಭವಾಗುತ್ತಿತ್ತೋ ಏನೋ.

ಮೂರನೆಯ ದಿನ ಬೆಳಿಗ್ಗೆ ಹೋದಾಗ ದುಪ್ಪಟಿ ಕೆಳಗಿತ್ತು. ಭಾವ ಮರದ ಗಾಡಿಯ ಎಡ ಮುಚ್ಚಳವನ್ನು ಬಿಚ್ಚಿ, ಎರಕವಾದ ಮೇಲೆ ಕಡೆದು ನುಣುಪು ಮಾಡಲು ದಪ್ಪ ಬೇಕೆಂದು ಅದರ ಅಂಚಿಗೆ ತೆಳ್ಳಗಿನ ಮರದ ಪಟ್ಟಿ ಅಂಟಿಸುತ್ತಿದ್ದರು.

"ಏನು ನೋಡ್ತಾ ನಿಂತೆ? ಚಪ್ಪಲಿ ಬಿಡಬೇಡ, ಫೌಂಡ್ರಿಗೆ ಹೋಗೋದಿದೆ" ಎಂದರು.

ಬಸ್ಸಿನಲ್ಲಿ ಆ ಮುಚ್ಚಳವನ್ನು ಟವೆಲ್ಲಿನಲ್ಲಿ ಸುತ್ತಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. ಹಳೆಯ ಜೊತೆಗಾರನೊಬ್ಬ ಅದನ್ನು ಮರಳಿನಲ್ಲಿ ಹುದುಗಿಸಿದ, ಸುತ್ತಲೂ ತಟ್ಟಿ ಎತ್ತಿದ. ಒಂದು ಕಾಳು ಮರಳೂ ಕಳಚಲಿಲ್ಲ. ಮೆರುಗೆಣ್ಣೆಯ ಹೊಳಪೆಲ್ಲ ಹೋಗಿ ಕಪ್ಪಾಗಿದ್ದ ಮುಚ್ಚಳವನ್ನು ಭಾವ ಟವೆಲ್ಲಿನಿಂದ ಒರೆಸಿ ಜೋಪಾನವಾಗಿ ವಾಪಸ್ ಸುತ್ತಿಕೊಂಡರು.

ಹತ್ತು ದಿನಕ್ಕೆ ಅಲ್ಯೂಮಿನಿಯಂ ಮುಚ್ಚಳ ಕಡೆದು, ತೂತು ಹಾಕಿ, ತಯಾರಾಗಿ ಬಂತು. ಅಷ್ಟರಲ್ಲಿ ನಾನು ಮೆಕ್ಯಾನಿಕ್ಕನ್ನು ಕರೆಸಿ ಗಾಡಿಯ ಟಯರು, ಪ್ಲಗ್ಗು ಬದಲಿಸಿ ಹೊಸ ಪೆಟ್ರೋಲು ಹಾಕಿಸಿದ್ದೆ. ನರ್ಸಮ್ಮನ ಶೆಡ್ಡಿನಲ್ಲಿ ಭಾವ ಮಂಡಿಯೂರಿ ಕೂತು ಅದನ್ನು ಎಂಜಿನ್ನಿಗೆ ಹಿಡಿದರು. ಒಂಬತ್ತು ಸ್ಕ್ರೂ, ಒಂಬತ್ತೂ ತಕರಾರಿಲ್ಲದೆ ಹೋದವು. ಎಣ್ಣೆ ತುಂಬಿದರು. ನಾವು ನಾಲ್ವರೂ ಬಗ್ಗಿ ನೆಲವನ್ನೇ ನೋಡುತ್ತ ನಿಂತೆವು. ಕಾಲು ಗಂಟೆಯಾದರೂ ಒಂದು ಹನಿಯೂ ಬೀಳಲಿಲ್ಲ.

ಎಪ್ಪತ್ತು ದಾಟಿದ ನರ್ಸಮ್ಮ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಕಿಕ್ ಹೊಡೆದರು. ಮೊದಲ ಸಲ ಕೆಮ್ಮಿತು, ಎರಡನೆಯ ಸಲ ಅದೂ ಇಲ್ಲ, ಮೂರನೆಯ ಸಲಕ್ಕೆ ಶೆಡ್ಡಿನ ತಗಡೆಲ್ಲ ನಡುಗಿತು. ಬೀದಿಯ ಕೊನೆಯವರೆಗೆ ಹೋಗಿ, ತಿರುಗಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ನಮ್ಮೆದುರೇ ಹಾದುಹೋದರು. ಮನೆಗಳ ಬಾಗಿಲುಗಳೆಲ್ಲ ತೆರೆದವು. ಯಾರೋ ಚಪ್ಪಾಳೆ ತಟ್ಟಿದರು. ಭಾವನ ಕಡೆ ಯಾರೂ ನೋಡುತ್ತಿರಲಿಲ್ಲ, ಅವರಿಗೆ ಅದರ ಪರಿವೆಯೂ ಇರಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವರು ಮಾಡಿದ ಒಂದು ಸಾಮಾನು ಎಲ್ಲಿಗೆ ಹೋಯಿತು, ಏನಾಯಿತು ಎಂದು ಅವರು ಕಂಡಿದ್ದೇ ಇಲ್ಲ. ಇದೊಂದು ಕಣ್ಣೆದುರು ಓಡುತ್ತಿತ್ತು.

ನರ್ಸಮ್ಮ ಬಂದು ನಿಲ್ಲಿಸಿದರು. "ಹೇಗಿತ್ತು ಮೇಸ್ತ್ರಿಗಳೇ?"

ಭಾವ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ಇನ್ನೊಂದು ಸುತ್ತು ಹೋಗಿಬನ್ನಿ ನರ್ಸಮ್ಮ" ಎಂದರು. "ಕಣ್ಣಲ್ಲಿ ನೀರು ಬಂದು ನನಗೆ ಏನೂ ಕಾಣಿಸ್ಲಿಲ್ಲ."