ಮನೆಗೊಂದು ತೆನೆ

ಜೋಕಿಮ್ ಮಾಸ್ತರರಿಗೆ ಬೇಕಾದದ್ದನ್ನು ಬೇಕು ಎಂದು ಕೇಳಿ ಅಭ್ಯಾಸವಿಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ಎದುರಿಗೆ ಬಂದು ನಿಂತರೂ "ಚಹಾ ಕೊಡಿ" ಎಂಬ ಎರಡು ಮಾತು ಅವರ ಬಾಯಿಂದ ಹೊರಡುವುದಿಲ್ಲ. "ಒಂದು ಚಹಾ ಕೊಡಲ್ಪಟ್ಟರೆ ಒಳ್ಳೆಯದಿತ್ತು" ಎನ್ನುತ್ತಾರೆ. ಹೊಸ ಸಪ್ಲೈಯರ್ ಆದರೆ, ಇವರು ಯಾರಿಗೋ ಹೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಾನೆ. ಹಳಬನಾದರೆ ನಗುತ್ತ ಚಹಾ ತಂದಿಡುತ್ತಾನೆ.

ತಪ್ಪು ಅವರದಲ್ಲ, ಅವರು ಕಲಿಸುವ ಇಂಗ್ಲಿಷಿನದು ಎಂದು ಊರವರು ತಮಾಷೆ ಮಾಡುವುದುಂಟು. ಕಾಪು ತಾಲೂಕಿನ ಶಂಕರಪುರದ ಮನೆಯಿಂದ ದಿನಾ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ, ಅಲ್ಲಿನ ಹೈಸ್ಕೂಲಿನಲ್ಲಿ ನಿವೃತ್ತಿಯ ತನಕ ವ್ಯಾಕರಣ ಕಲಿಸಿದವರು. ಈಗ ಮಣಿಪಾಲದಲ್ಲಿ, ಬೇಕರಿಯೊಂದರ ಮಹಡಿಯ ಮೇಲೆ, ವಿದೇಶಕ್ಕೆ ಹೊರಟ ನರ್ಸ್ ಹುಡುಗಿಯರಿಗೆ ಭಾನುವಾರ ಮಧ್ಯಾಹ್ನ ಪಾಠ ಹೇಳುತ್ತಾರೆ. ಎಲ್ಲ ಪಾಠಗಳಲ್ಲಿ ಅವರಿಗೆ ಜೀವವಾದದ್ದು ಒಂದೇ: 'ಇಫ್' ಎಂದು ಶುರುವಾಗಿ 'ವುಡ್ ಬಿ' ಎಂದು ಸಾಗುವ ಕರ್ಮಣಿ ಪ್ರಯೋಗ. 'ಇಫ್ ದ ವಿಂಡೋ ವರ್ ಓಪನ್ಡ್, ದ ಪೇಶಂಟ್ ವುಡ್ ಬಿ ರಿಲೀವ್ಡ್.' ಕಿಟಕಿ ತೆರೆಯಲ್ಪಟ್ಟರೆ ರೋಗಿಗೆ ಹಾಯೆನಿಸುವುದು. ತೆರೆಯುವವರು ಯಾರೆಂದು ಗೊತ್ತಿಲ್ಲದಾಗ, ಅದು ಮುಖ್ಯವಲ್ಲದಾಗ, ಅಥವಾ ಹೇಳಲು ಮನಸ್ಸಿಲ್ಲದಾಗ ಹೀಗೆ ಹೇಳಬೇಕು. ಇದರಲ್ಲಿ ಅಪ್ಪಣೆಯಿಲ್ಲ, ದೂರಿಲ್ಲ, ಯಾರಿಗೂ ನೋವಿಲ್ಲ ಎಂದು ವಿವರಿಸುವಾಗ ಅವರ ಮುಖ ಅರಳುತ್ತದೆ. ನಮ್ಮ ಕನ್ನಡದಲ್ಲಿ ಯಾರಾದರೂ ಹೀಗೆ ಮಾತಾಡಿದರೆ ಸರಕಾರಿ ಸುತ್ತೋಲೆ ಓದುತ್ತಿದ್ದಾನೆ ಎಂದುಕೊಳ್ಳುತ್ತೇವೆ.

ಆದರೆ ಆ ಮಾತಿನ ರೀತಿಯೇ ಒಮ್ಮೆ ಅವರ ಬಾಳನ್ನು ನುಂಗಿ ನೀರು ಕುಡಿದಿತ್ತು.

ಆಗ ಅವರಿನ್ನೂ ಹೊಸ ಮಾಸ್ತರ. ಇಗರ್ಜಿಯ ಗಾಯನ ತಂಡದಲ್ಲಿ ಮ್ಯಾಗ್ಡಲಿನ್ ಎಂಬ ನರ್ಸ್ ಹಾಡುತ್ತಿದ್ದಳು. ಮಸ್ಕತ್ತಿಗೆ ಹೋಗಲು ಅವಳು ವೀಸಾ ಕಾಯುತ್ತಿದ್ದಳು. ಒಂದು ಸಂಜೆ ಹಾಡಿನ ಅಭ್ಯಾಸ ಮುಗಿಸಿ ಬರುವಾಗ, ಕೊಂಕಣಿಯಲ್ಲಿ ಬಾಯಿ ಬಾರದೆ, ಜೋಕಿಮ್ ಇಂಗ್ಲಿಷಿನಲ್ಲಿ ಕೇಳಿದರು. ಪ್ರಸ್ತಾಪವೊಂದು ತರಲ್ಪಟ್ಟರೆ ಅದು ಪರಿಗಣಿಸಲ್ಪಡುವುದೇ? ಅವಳು ರಸ್ತೆಯನ್ನೇ ನೋಡುತ್ತ, "ಇಟ್ ವುಡ್ ಬಿ ಕನ್ಸಿಡರ್ಡ್" ಎಂದಳು. ಅಂದು ರಾತ್ರಿ ಜೋಕಿಮ್‌ಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಪ್ರಸ್ತಾಪ ತರಬೇಕಾದವನು ರೈಬಾರಿ. ಕೊಂಕಣಿ ಕ್ರೈಸ್ತರಲ್ಲಿ ಆ ಕಾಲಕ್ಕೆ ಎರಡು ಮನೆಗಳ ನಡುವೆ ಓಡಾಡಿ ಸಂಬಂಧ ಕುದುರಿಸುತ್ತಿದ್ದವನು ಅವನೇ. ಶಂಕರಪುರದ ರೈಬಾರಿ ರೊಸಾರಿಯೊ, ಮಳೆಯಿರಲಿ ಬಿಸಿಲಿರಲಿ ಕೊಡೆ ಹಿಡಿದೇ ತಿರುಗುವ ಆಸಾಮಿ. ಹುಡುಗ ತಾನೇ ಹೋಗಿ ರೈಬಾರಿಯ ಬಾಗಿಲು ತಟ್ಟಿದರೆ ಊರು ಏನಂದೀತು ಎಂದು ತಂದೆಯಿಲ್ಲದ ಜೋಕಿಮ್ ಹೆದರಿದರು. ಅಮ್ಮನೇ ತಾನಾಗಿ ಹೇಳಿ ಕಳಿಸಲಿ ಎಂದು ಕಾದರು. ಅಮ್ಮ, ಮಗನೇ ತಾನಾಗಿ ಬಾಯಿ ಬಿಡಲಿ ಎಂದು ಕಾದರು. ಅತ್ತ ಮ್ಯಾಗ್ಡಲಿನ್ ಆ ಕೊಡೆ ಕಂಡಾಗಲೆಲ್ಲ ಅಂಗಳಕ್ಕೆ ಬಂದು ನಿಂತಳು, ಕೊಡೆ ಮುಂದಿನ ಮನೆಗೆ ಹೋಯಿತು. ಅಷ್ಟರಲ್ಲಿ ವೀಸಾ ಬಂತು.

ಮಸ್ಕತ್ತಿನಲ್ಲಿ ದುಡಿದು ಅವಳು ತಮ್ಮ ಸಿರಿಲ್‌ನನ್ನು ಓದಿಸಿದಳು, ತಂದೆತಾಯಿಯ ಔಷಧಿ ನೋಡಿದಳು. ಮದುವೆಯ ವಯಸ್ಸು ಅಲ್ಲಿಯ ಡ್ಯೂಟಿಯಲ್ಲೇ ಕಳೆಯಿತು. ಜೋಕಿಮ್‌ಗೆ ಬೇರೆ ಪ್ರಸ್ತಾಪಗಳು ತರಲ್ಪಟ್ಟವು, ಯಾವುದೂ ಪರಿಗಣಿಸಲ್ಪಡಲಿಲ್ಲ.

ಮೂರು ವರ್ಷದ ಹಿಂದೆ ಮ್ಯಾಗ್ಡಲಿನ್ ನಿವೃತ್ತಳಾಗಿ ಊರಿಗೆ ಬಂದಳು. ಮನೆಯ ಹಿಂದೆ ಮಲ್ಲಿಗೆ ಗಿಡ ಹಾಕಿದಳು. ಭಾನುವಾರ ಮಾಸ್ತರರ ತರಗತಿಗೂ ಬರತೊಡಗಿದಳು, ರೋಗಿಯ ಪಾತ್ರ ಮಾಡಲು. ಬೆಂಚಿನ ಮೇಲೆ ಶಾಲು ಹೊದ್ದು ಮಲಗುವುದು, ಹುಡುಗಿಯರು ಇಂಗ್ಲಿಷಿನಲ್ಲಿ ವಿಚಾರಿಸುವುದು. ನಡುನಡುವೆ ಅವಳು ಮಾಸ್ತರರನ್ನು ನೋಡುತ್ತಿದ್ದಳು. ಅವರು ಆಗೆಲ್ಲ ಬೋರ್ಡು ಒರೆಸುತ್ತಿದ್ದರು.

ಆಗಸ್ಟಿನ ಒಂದು ಭಾನುವಾರ ಬೋರ್ಡಿನ ಮೇಲೆ ಅದೇ ಕಿಟಕಿಯ ವಾಕ್ಯವಿತ್ತು. ತರಗತಿಯಲ್ಲಿ ಶರಣಮ್ಮ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ಮಾನಪ್ಪ ಕೊಪ್ಪಳ ಕಡೆಯಿಂದ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಬಂದು ಇಲ್ಲೇ ನಿಂತವನು. ಹುಡುಗಿ ವಾಕ್ಯವನ್ನು ಎರಡು ಸಲ ಓದಿ ಎದ್ದು ನಿಂತಳು.

"ಸರ, ಕಿಟಕಿ ತೆಗಿಯೋರು ಯಾರ್ರಿ? ತೆಗೆದ್ರ, ತೆಗೆದ್ರ ಅನ್ಕೊಂತ ಎಲ್ಲಾರೂ ಕುಂತ್ರ ಪೇಶಂಟ್ ಉಸಿರು ಕಟ್ಟಿ ಸಾಯ್ತಾರ."

ಅಷ್ಟು ಹೇಳಿ, ತಾನೇ ಹೋಗಿ ಮಳೆಗೆ ಬಿಗಿದುಕೊಂಡಿದ್ದ ಕಿಟಕಿಯನ್ನು ಗುದ್ದಿ ತೆರೆದಳು. ಗಾಳಿಯ ಜೊತೆ ಕೆಳಗಿನ ಬೇಕರಿಯ ಬನ್ನಿನ ಪರಿಮಳ ಒಳಗೆ ಬಂತು. ತರಗತಿಯೆಲ್ಲ ನಕ್ಕಿತು. ಬೆಂಚಿನ ಮೇಲಿದ್ದ ಮ್ಯಾಗ್ಡಲಿನ್ ಎಲ್ಲರಿಗಿಂತ ಹೆಚ್ಚು ನಕ್ಕಳು, ನಗುನಗುತ್ತಲೇ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಆಚೆ ತಿರುಗಿ ಮಲಗಿದಳು. ಮಾಸ್ತರರಿಗೆ ಮಾತ್ರ ನಗು ಬರಲಿಲ್ಲ.

ಪಾಠ ಮುಗಿದು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅವಳು ವಿಷಯ ತೆಗೆದಳು. ಪೂನಾದಲ್ಲಿರುವ ಸಿರಿಲ್ ಅಲ್ಲಿಗೇ ಬಂದುಬಿಡು ಎಂದು ಒತ್ತಾಯಿಸುತ್ತಿದ್ದಾನೆ. ಸೆಪ್ಟೆಂಬರಿನ ಮೊಂತಿ ಹಬ್ಬ ಕಳೆದ ಮೇಲೆ ಮನೆಗೆ ಬೀಗ. ಮಲ್ಲಿಗೆ ಗಿಡಗಳನ್ನು ನೆರೆಮನೆಯ ಪುಷ್ಪಾವತಿ ನೋಡಿಕೊಳ್ಳುತ್ತಾಳಂತೆ. ಹೇಳಿ ಮುಗಿಸಿ ಅವಳು ಅವರ ಮುಖ ನೋಡಿದಳು.

"ಅಲ್ಲಿಯ ಹವೆ ಒಳ್ಳೆಯದೆಂದು ಹೇಳಲಾಗುತ್ತದೆ" ಎಂದರು ಜೋಕಿಮ್.

ಇಂಥವರಿಗೆ ಎಂತ ಹೇಳುವುದು? ಮ್ಯಾಗ್ಡಲಿನ್ ಬಸ್ಸು ಹತ್ತಿ ಅವರಿಗೆ ಮುಖ ಕಾಣದಂತೆ ಕಿಟಕಿಯ ಬದಿಯ ಸೀಟು ಬಿಟ್ಟು ಒಳಗೆ ಹೋಗಿ ಕೂತಳು.

ಆ ವಾರವಿಡೀ ಮಾಸ್ತರರು ತಮ್ಮ ಮೇಲೆ ತಾವೇ ಸಿಟ್ಟು ಮಾಡಿಕೊಂಡರು. ಅವಳು ಒಮ್ಮೆ ಹೋದದ್ದನ್ನು ಹೇಗೋ ತಡೆದುಕೊಂಡಿದ್ದರು. ಇನ್ನೊಮ್ಮೆ ಹೋದರೆ ತಡೆಯಲಾಗದು ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಯಾರಾದರೂ ಹೇಳಿಯಾರೇ ಎಂದು ಯೋಚಿಸಿದರು. ರೊಸಾರಿಯೊ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅಮ್ಮನೂ ಇಲ್ಲ. ಶನಿವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಮ್ಯಾಗ್ಡಲಿನ್‌ಳ ಮನೆಯ ಹಿಂದಕ್ಕೆ ಹೋದರು.

ಚೌತಿ ಹತ್ತಿರವಿದ್ದುದರಿಂದ ಮಲ್ಲಿಗೆಗೆ ಒಳ್ಳೆಯ ರೇಟು. ಅವಳು ಸೊಂಟಕ್ಕೆ ಚೀಲ ಕಟ್ಟಿಕೊಂಡು ಒದ್ದೆ ಗಿಡಗಳ ನಡುವೆ ಮೊಗ್ಗು ಕೊಯ್ಯುತ್ತಿದ್ದಳು. ಜೋಕಿಮ್ ಗಿಡದ ಈಚೆ ನಿಂತು ಗಂಟಲು ಸರಿಮಾಡಿಕೊಂಡರು.

"ಒಂದು ವೇಳೆ ಪ್ರಸ್ತಾಪವೊಂದು..." ಎಂದು ಶುರುಮಾಡಿ ನಿಲ್ಲಿಸಿದರು. ಅವಳ ಕೈಯೂ ನಿಂತಿತು. ಆಮೇಲೆ ಜೋಕಿಮ್ ಕೊಂಕಣಿಗೆ ಇಳಿದರು. ಹುಟ್ಟಿದಾಗಿನಿಂದ ಆಡಿದ ಆ ಭಾಷೆ ಅಂದು ಬಾಯಲ್ಲಿ ತಡವರಿಸಿತು.

"ಮ್ಯಾಗ್ಡಲಿನ್, ನೀನು ಪೂನಾಕ್ಕೆ ಹೋಗಬಾರದು. ನಿನ್ನನ್ನು ಮದುವೆಯಾಗಬೇಕು ಅಂತ ನನಗೆ ಆಸೆ ಉಂಟು. ಆಗಲೂ ಇತ್ತು. ರೈಬಾರಿ ಇಲ್ಲ, ನಾನೇ ಕೇಳುತ್ತಾ ಇದ್ದೇನೆ."

ಅವಳು ಮತ್ತೆ ಮೊಗ್ಗು ಕೊಯ್ಯತೊಡಗಿದಳು. ಹೂವು ಹೊತ್ತಿಗೆ ಸರಿಯಾಗಿ ಕಟ್ಟಿ ಕಳಿಸಬೇಕು, ತಡವಾಯಿತು ಎಂದು ಗೊಣಗಿದಳು. ಎರಡು ಹೆಜ್ಜೆ ಹೋಗಿ, ತಿರುಗಿ, ಇಂಗ್ಲಿಷಿನಲ್ಲಿ ಆ ಹಳೆಯ ಉತ್ತರವನ್ನೇ ಕೊಟ್ಟಳು. ಪರಿಗಣಿಸಲ್ಪಡುವುದು. ಅದು ತಮಾಷೆಯೋ ಸೇಡೋ ತಿಳಿಯದೆ ಜೋಕಿಮ್ ಸ್ಕೂಟರನ್ನು ಸ್ಟಾರ್ಟ್ ಮಾಡುವುದು ಮರೆತು ರಸ್ತೆಯ ತನಕ ತಳ್ಳಿಕೊಂಡು ಹೋದರು. ಮರುದಿನದ ತರಗತಿಗೆ ಅವಳು ಬರಲಿಲ್ಲ. ಅದರ ಮರುವಾರವೂ ಬರಲಿಲ್ಲ.

ಮೊಂತಿ ಹಬ್ಬ ಬಂತು. ಅಂದು ಮಕ್ಕಳು ಬುಟ್ಟಿ ತುಂಬ ಹೂವು ತಂದು ಮಾತೆ ಮರಿಯಳ ಮುಂದೆ ಹಾಕುತ್ತಾರೆ. ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸುತ್ತಾರೆ. ಪೂಜೆ ಮುಗಿದ ಮೇಲೆ ಮನೆಗೊಂದರಂತೆ ತೆನೆ ಹಂಚುತ್ತಾರೆ. ಅದರ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮೊದಲು ಅದನ್ನು ತಿಂದೇ ಊಟಕ್ಕೆ ಕೈಹಾಕುವುದು. ಅಮ್ಮ ಹೋದಂದಿನಿಂದ ಜೋಕಿಮ್ ತಮ್ಮ ಪಾಲಿನ ತೆನೆಯನ್ನು ಒಯ್ದು, ಒಂದು ಲೋಟ ಹಾಲಿಗೆ ಹಾಕಿ, ಒಬ್ಬರೇ ಕುಡಿಯುತ್ತ ಬಂದಿದ್ದರು.

ತೆನೆ ಹಂಚುತ್ತಿದ್ದವನು ಅವರ ವಾಳೆಯ, ಅಂದರೆ ಇಗರ್ಜಿಗೆ ಸೇರಿದ ಆ ಕೇರಿಯ ಮನೆಗಳ, ಗುರಿಕಾರ ಟ್ರೆವರ್, ಹಳೆಯ ಪರಿಚಯದವ. ಹೆಂಗಸರ ಸಾಲಿನಲ್ಲಿ ಮ್ಯಾಗ್ಡಲಿನ್ ತನ್ನ ತೆನೆ ಇಸಕೊಂಡು ಹೋದದ್ದನ್ನು ಜೋಕಿಮ್ ನೋಡಿದರು. ಅವಳು ಇತ್ತ ತಿರುಗಲಿಲ್ಲ. ಇನ್ನು ಕೇಳುವುದೇನೂ ಉಳಿದಿಲ್ಲ ಎಂದುಕೊಂಡು ಅವರು ಟ್ರೆವರ್‌ನ ಮುಂದೆ ಕೈಚಾಚಿದರು.

"ಟ್ರೆವರ್, ಅವರಿಗೆ ಬೇರೆ ಕೊಡಬೇಡ" ಎಂಬ ಮಾತು ಹಿಂದಿನಿಂದ ಕೇಳಿಸಿತು. ಮ್ಯಾಗ್ಡಲಿನ್ ಗಂಡಸರ ಸಾಲಿನೊಳಗೇ ಬಂದು ನಿಂತಿದ್ದಳು. "ಮನೆಗೆ ಒಂದೇ ತೆನೆ ಅಲ್ವಾ? ನಮ್ಮದು ನಾನು ತೆಗೆದುಕೊಂಡಾಯಿತು."

ಟ್ರೆವರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಕೈಯಲ್ಲಿದ್ದ ತೆನೆಯನ್ನು ಮೆಲ್ಲಗೆ ಬುಟ್ಟಿಗೆ ಹಾಕಿದ. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದ ಜೋಕಿಮ್‌ರ ಕಣ್ಣು ತುಂಬಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

"ನನಗೆ ಹಸಿವಾಗುತ್ತಾ ಉಂಟು, ಮ್ಯಾಗ್ಡಲಿನ್" ಎಂದರು. "ಊಟ ಹಾಕು."

ಅವಳು ತೆನೆಯನ್ನು ಅವರ ಕೈಯಲ್ಲಿಟ್ಟು, ಕೊಡೆ ಬಿಡಿಸಿಕೊಂಡು ಮುಂದೆ ನಡೆದಳು.