ಎದುರಂಗಡಿಯ ಹತ್ತರಿ

ಇನ್ನೂ ಬೆಳಕು ಹರಿದಿಲ್ಲ. ಜಪಾನಿನ ಮಿಕಿ ಪಟ್ಟಣದ ದೇಗುಲದ ಅಂಗಳದಲ್ಲಿ ಟಾರ್ಚುಗಳು ಓಡಾಡುತ್ತಿವೆ. ತಿಂಗಳಿಗೊಮ್ಮೆ ಸೇರುವ ಹಳೇ ಸಾಮಾನಿನ ಸಂತೆ ಇದು. ಹತಾನೊ ಕಿನುಯೊ ನೀಲಿ ಟಾರ್ಪಾಲಿನ ಮೇಲೆ ಮಂಡಿಯೂರಿ ಬಡಗಿಗಳ ಹಳೇ ಉಳಿಗಳನ್ನು ಅಗಲ ನೋಡಿ ಜೋಡಿಸುತ್ತಿದ್ದಾರೆ. ಕೈ ಉಳಿಗಳ ಮೇಲಿದೆ, ಕಣ್ಣು ಮಾತ್ರ ಎದುರಂಗಡಿಯ ಮೇಲೆ. ಅಲ್ಲಿ ಓರಿಹಾರಾ ಯಾಸುಜಿ ಕೆಂಪು ಬಟ್ಟೆ ಹಾಸಿ, ನಟ್ಟನಡುವೆ ಒಂದು ಹತ್ತರಿ ಇಡುತ್ತಾರೆ. ಮರ ಹೆರೆದು ನುಣುಪು ಮಾಡುವ ಹತ್ತರಿ, ಕಪ್ಪಗೆ ಎಣ್ಣೆ ಕುಡಿದ ಓಕ್ ಮರದ್ದು.

"ಇಟ್ಟ ನೋಡಿ. ಪ್ರತಿ ಸಂತೆಗೂ ತಂದು ಇಡ್ತಾನೆ. ಪಕ್ಕದಲ್ಲಿ 'ಮಾರಾಟಕ್ಕಲ್ಲ' ಅಂತ ಚೀಟಿ ಬೇರೆ. ಮಾರೋದಿಲ್ಲ ಅಂದ್ಮೇಲೆ ಸಂತೆಗೆ ಯಾಕೆ ತರ್ಬೇಕು? ನನ್ನ ಹೊಟ್ಟೆ ಉರಿಸೋಕೆ" ಎನ್ನುತ್ತಾರೆ ಕಿನುಯೊ. ಹಾಗೆಂದವರು ತಟ್ಟನೆ ಕತ್ತು ಚಾಚುತ್ತಾರೆ. ಇವತ್ತು ಅಲ್ಲಿ ಚೀಟಿ ಇಲ್ಲ.

ಆ ಹತ್ತರಿ ಕಿನುಯೊ ಅವರ ತಂದೆಯದು. ಬಾಗಿಲು, ಕಿಟಕಿ ಮಾಡುವ ಮೇಸ್ತ್ರಿ ಅವರು. ಅವರ ಬಳಿ ಒಬ್ಬನೇ ಕಮ್ಮಾರ ಬಡಿದ ಎರಡು ಅಲಗುಗಳಿದ್ದವು. ಉದ್ದನೆಯದನ್ನು ಹತ್ತರಿಯ ಸಮೇತ ಶಿಷ್ಯ ಓರಿಹಾರಾಗೆ ಕೊಟ್ಟರು. ಸವೆದು ಮೋಟಾಗಿದ್ದ ಇನ್ನೊಂದನ್ನು, ಮರದಷ್ಟು ಗಟ್ಟಿಯಾದ ಒಣಮೀನು ಹೆರೆಯುವ ಪೆಟ್ಟಿಗೆಗೆ ಕೂರಿಸಿ ಮಗಳ ಮದುವೆಗೆ ಕೊಟ್ಟರು. ಬಡಗಿ ಮನೆಗಳಲ್ಲಿ ಸವೆದ ಅಲಗು ಅಡುಗೆಮನೆ ಸೇರುವುದು ವಾಡಿಕೆಯೇ. ಆದರೆ ಚಿಕ್ಕಂದಿನಿಂದ ಅಪ್ಪನ ಉಳಿಗಳನ್ನೆಲ್ಲ ಸಾಣೆಕಲ್ಲಿನ ಮೇಲೆ ಮಸೆದುಕೊಟ್ಟವರು ಕಿನುಯೊ. "ಆಳಿಗೆ ಹತ್ತರಿ, ಮಗಳಿಗೆ ಮೀನಿನ ಪೆಟ್ಟಿಗೆ" ಎನ್ನುವಾಗ ಅವರ ದನಿಯಲ್ಲಿ ಇವತ್ತಿಗೂ ಖಾರ ಆರಿಲ್ಲ.

ಕೆಲಸ ಬಿಟ್ಟ ಬಡಗಿಗಳ ಮನೆಗಳಿಗೆ ಸೈಕಲ್ಲಿನಲ್ಲಿ ಹೋಗಿ, ಮೂಲೆಗೆ ಬಿದ್ದ ಉಳಿ, ಗರಗಸಗಳನ್ನು ಕೊಂಡು, ತುಕ್ಕು ತೆಗೆದು ಮಾರುವುದು ಕಿನುಯೊ ಅವರ ಕಸುಬು. ದಿನ ಶುರುವಾಗುವುದು ಮಾತ್ರ ಮೀನಿನ ಪೆಟ್ಟಿಗೆಯ ಮುಂದೆ. ಸಾರಿಗೆಂದು ಹೆರೆದ ಮೀನಿನ ಎಳೆ ಉಸಿರು ತಾಗಿದರೆ ಹಾರಿಹೋಗುವಷ್ಟು ತೆಳು. ಎಲ್ಲ ತಮ್ಮ ಕೈಗುಣ ಎಂದೇ ಅವರು ನಂಬಿದ್ದಾರೆ.

ಹಳೇ ಹತಾರು ಸಂಗ್ರಹಿಸಲು ಹೊರಟವರು ಮೊದಲು ಬರುವುದು ಅವರ ಬಳಿಗೇ. ಇವತ್ತು ಬಂದವರು ಅಂಚೆ ಕಚೇರಿಯಿಂದ ನಿವೃತ್ತರಾದ ಮಿನಾಕುಚಿ. ತಾವೇ ಉಜ್ಜಿ ಉಜ್ಜಿ ಮಿಂಚಿಸಿದ ಉಳಿಯೊಂದನ್ನು ಹೆಮ್ಮೆಯಿಂದ ಮುಂದೆ ಹಿಡಿಯುತ್ತಾರೆ.

"ಅಯ್ಯಯ್ಯೋ! ಕಮ್ಮಾರನ ಮುದ್ರೆ ಎಲ್ಲಿ ಹೋಯ್ತು? ಮುಖ ತೊಳೆಯೋಕೆ ಹೋಗಿ ಮೂಗನ್ನೇ ತೆಗೆದುಬಿಟ್ರಲ್ಲ ಸ್ವಾಮಿ!"

ಮಿನಾಕುಚಿ ಪೆಚ್ಚಾಗಿ ನಗುತ್ತಾರೆ. ಕಿನುಯೊ ಒಂದು ತುಕ್ಕು ಹಿಡಿದ ಅಲಗನ್ನು ಮಗುಚಿ ಅವರ ಕೈಗೆ ಕೊಡುತ್ತಾರೆ. "ಬೆನ್ನು ಸವರಿ ನೋಡಿ. ಸಣ್ಣ ತಗ್ಗಿದೆಯಲ್ಲ? ಅದು ಸಪಾಟಾಗಿದ್ರೆ ಯಾರೋ ಕೆಡಿಸಿದ್ದಾರೆ ಅಂತ. ಆಮೇಲೆ ಮುದ್ರೆ ನೋಡಿ, ಉದ್ದ ಎಷ್ಟು ಉಳಿದಿದೆ ನೋಡಿ. ಕೊನೆಗೆ ತಲೆ ಎತ್ತಿ, ಅದನ್ನ ಇನ್ಯಾರು ನೋಡ್ತಿದ್ದಾರೆ ಅಂತ ನೋಡಿ. ಹೊಟ್ಟೆಕಿಚ್ಚಿಲ್ಲದೆ ಈ ದಂಧೆಯಲ್ಲಿ ಬೆಲೆ ಗೊತ್ತಾಗಲ್ಲ."

ಮಿನಾಕುಚಿ ತಲೆ ಎತ್ತುತ್ತಾರೆ. ಕಿನುಯೊ ನೋಡುತ್ತಿರುವುದು ಎದುರಿನ ಹತ್ತರಿಯನ್ನು. ಪಾಠ ಇಷ್ಟು ಬೇಗ ತಲೆಗೆ ಹತ್ತುತ್ತದೆಂದು ಕಿನುಯೊ ಎಣಿಸಿರಲಿಲ್ಲ. ಮಿನಾಕುಚಿ ನೆಟ್ಟಗೆ ಅಲ್ಲಿಗೇ ನಡೆದು ಬೆಲೆ ಕೇಳುತ್ತಾರೆ.

"ಎದುರಂಗಡಿಯ ಹತಾನೊ-ಸಾನ್ ಎಷ್ಟು ಅಂತಾರೋ ಅಷ್ಟು" ಎಂದ ಓರಿಹಾರಾ ದನಿ ಎತ್ತುತ್ತಾರೆ: "ಕಿನು-ಚಾನ್, ಬಾ ಇಲ್ಲಿ. ನಾನಿನ್ನು ಮರ ಹೆರೆಯಲ್ಲ. ಇದನ್ನ ನೋಡಿ ನೋಡಿ ಸಾಕಾಯ್ತು ನಂಗೆ."

ಮೊಮ್ಮಕ್ಕಳಿರುವ ಹೆಂಗಸನ್ನು ಇವತ್ತಿಗೂ ಹುಡುಗಿಯಂತೆ ಕರೆಯುವವರು ಅವರೊಬ್ಬರೇ. ಕಿನುಯೊ ಎದ್ದು ಹೋಗುತ್ತಾರೆ. ಹತ್ತರಿಯ ಹಿಂಭಾಗಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಲಗು ಸಡಿಲಿಸಿ, ಮಗುಚುತ್ತಾರೆ. ಬೆನ್ನಿನ ತಗ್ಗು ಹೊಸದರಂತೆ ಆಳವಾಗಿದೆ. ಮುದ್ರೆ ಸ್ಪಷ್ಟವಾಗಿದೆ. ಉದ್ದ ಹೆಚ್ಚುಕಡಿಮೆ ಹಾಗೇ ಇದೆ. ಬಿರುಕಿದೆ ಎಂದೊಂದು ಮಾತು ಆಡಿದರೆ ಸಾಕು, ಯಾರೂ ಕೊಳ್ಳುವುದಿಲ್ಲ. ಆ ಮಾತು ನಾಲಿಗೆಯ ತುದಿಗೂ ಬರುತ್ತದೆ.

"ಒಳ್ಳೇ ಮಾಲು. ಇಡೀ ಸಂತೇಲಿ ಇದಕ್ಕಿಂತ ಬೆಲೆಯದು ಇಲ್ಲ" ಎಂದು ಹಲ್ಲು ಕಚ್ಚಿಕೊಂಡು ಬೆಲೆ ಹೇಳಿಬಿಡುತ್ತಾರೆ. ಆಮೇಲೆ ಓರಿಹಾರಾ ಕಡೆ ತಿರುಗುತ್ತಾರೆ. "ಇಷ್ಟು ವರ್ಷ ಇದರಲ್ಲಿ ಏನೋ ಮಾಡ್ದೆ? ಸವೆದೇ ಇಲ್ವಲ್ಲೋ!"

"ಕಚ್ಚಲ್ಲ ಅದು. ಎಷ್ಟು ಮಸೆದ್ರೂ ಮರದ ಮೇಲೆ ಜಾರುತ್ತೆ" ಎನ್ನುತ್ತಾರೆ ಓರಿಹಾರಾ. "ಮೇಸ್ತ್ರಿನೂ ಅದನ್ನ ಮುಟ್ತಿರ್ಲಿಲ್ಲ. ದಿನಾ ಹಿಡೀತಿದ್ದದ್ದು ಇನ್ನೊಂದನ್ನ, ನಿನ್ನ ಪೆಟ್ಟಿಗೇಲಿ ಇರೋದನ್ನ. ಅದು ನಂಗೇ ಸಿಗುತ್ತೆ ಅಂತ ಅವರ ಕಾಲಡಿ ಕಸ ಗುಡಿಸ್ಕೊಂಡು ಬಿದ್ದಿದ್ದೆ. ಅವರು ತಗೊಂಡು ಹೋಗಿ ಮೀನು ಹೆರೆಯೋಕೆ ಕೊಟ್ಬಿಟ್ರು. ನನ್ನ ಹೊಟ್ಟೆ ಹೇಗೆ ಉರಿದಿರ್ಬೇಡ ಹೇಳು. ಅದಕ್ಕೇ ಇದನ್ನ ನಿನ್ನ ಎದುರಿಗೇ ತಂದು ಇಡ್ತಿದ್ದದ್ದು, ನೀನೂ ಉರ್ಕೊ ಅಂತ."

ಊರವರ ಅಲಗಿಗೆಲ್ಲ ಬೆಲೆ ಕಟ್ಟುವ ಕಿನುಯೊ ತಮ್ಮ ಅಡುಗೆಮನೆಯ ಅಲಗನ್ನು ಬೆಲೆ ಕಟ್ಟುವವರಂತೆ ಒಮ್ಮೆಯೂ ಮಗುಚಿ ನೋಡಿಲ್ಲ. ಚೆನ್ನಾಗಿ ಕಚ್ಚುವ ಅಲಗೇ ದಿನಾ ಕೈಗೆ ಬರುತ್ತದೆ, ಕೈಗೆ ಬಂದದ್ದೇ ಸವೆಯುತ್ತದೆ. ಎಷ್ಟೋ ಜನಕ್ಕೆ ಅವರೇ ಹೇಳಿಕೊಟ್ಟ ಮಾತದು. ಅಪ್ಪನ ಮೇಲಿನ ಸಿಟ್ಟಿನಲ್ಲಿ ಮನೆಯಲ್ಲಿ ಮಾತ್ರ ಮರೆತಿದ್ದಾರೆ.

"ಬದ್ಲಾಯಿಸ್ಕೊಳ್ಳೋಣ್ವಾ?" ಓರಿಹಾರಾ ಮೆಲ್ಲಗೆ ಕೇಳುತ್ತಾರೆ. "ಉದ್ದಂದು ನಿಂಗೆ, ಮೋಟಂದು ನಂಗೆ. ಇವರಿಗೆ ಬೇರೆ ಏನಾದ್ರೂ ಕೊಡ್ತೀನಿ." ಮರ ಹೆರೆಯಲಿಕ್ಕಲ್ಲ, ಸಂಗ್ರಹಕ್ಕೆಂದು ಕೊಳ್ಳುವ ಮಿನಾಕುಚಿ ಪರ್ಸು ಹಿಡಿದು ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಾರೆ.

ಬಯಸಿ ಬಯಸಿ ಕಣ್ಣು ಕೆಂಪು ಮಾಡಿಕೊಂಡಿದ್ದ ಹತ್ತರಿ ಕೈಯಲ್ಲೇ ಇದೆ. ಕಿನುಯೊ ಅದರ ಮೈಯನ್ನು ಒಮ್ಮೆ ಸವರಿ, ಮಿನಾಕುಚಿಯ ಕೈಗೆ ಕೊಡುತ್ತಾರೆ.

"ಉಜ್ಜೋಕೆ ಹೋಗ್ಬೇಡಿ" ಎಂದಷ್ಟೇ ಹೇಳುತ್ತಾರೆ.

ಹತ್ತರಿ ಅಂಗಳ ದಾಟಿ ಮರೆಯಾಗುವವರೆಗೂ ಅವರ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಹೊಟ್ಟೆ ಈಗಲೂ ಉರಿಯುತ್ತಿದೆ. ಕಚ್ಚದ ಹತ್ತರಿ ಎಂದು ಗೊತ್ತಾದ ಮೇಲೂ ಯಾಕೆ ಎಂದರೆ, "ನಮ್ಮಪ್ಪಂದು ಅಲ್ವಾ?" ಎನ್ನುತ್ತಾರೆ.

ಬಿಸಿಲೇರಿದೆ. ಓರಿಹಾರಾ ಅಂಗಡಿಯ ಕೆಂಪು ಬಟ್ಟೆಯ ನಡುವೆ ಜಾಗ ಖಾಲಿಯಾಗಿದೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಕಿನುಯೊ ತಮ್ಮ ಟಾರ್ಪಾಲಿನಿಂದ ಎದ್ದು ನಿಲ್ಲುತ್ತಾರೆ. ಎದುರಂಗಡಿಗೆ ಹೋಗಿ ಕೈ ಚಾಚುತ್ತಾರೆ.

"ಆ ಚೀಟಿ ಕೊಡೋ, 'ಮಾರಾಟಕ್ಕಲ್ಲ' ಅಂತ ಬರ್ದಿದ್ದು. ನಿಂಗಿನ್ನು ಯಾಕದು? ಮುಂದಿನ ತಿಂಗಳು ಮೀನಿನ ಪೆಟ್ಟಿಗೆ ತರ್ತೀನಿ. ನಿನ್ನ ಕಣ್ಣೆದುರಿಗೇ ಇಡ್ತೀನಿ."